ಪಾಲಾಕ್ಷಪ್ಪನ ಮನೆಯ ಸಮುದ್ರ ಯುದ್ಧ

ಕೊಟ್ಟೂರಿನಲ್ಲಿ ಸಮುದ್ರವಿಲ್ಲ. ಇದು ಎಲ್ಲರಿಗೂ ಗೊತ್ತಿರುವ ಸಂಗತಿಯೇ. ಆದರೂ ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ತೊಂಬತ್ತೆಂಟನೇ ಇಸವಿಯ ಮಳೆಗಾಲ ಮುಗಿಯುವ ಹೊತ್ತಿಗೆ ಊರಿನ ಅರ್ಧ ಜನ ಇದನ್ನು ಮರೆತೇಬಿಟ್ಟಿದ್ದರು. ಅದಕ್ಕೆ ಕಾರಣ ಪಾತ್ರೆ ಅಂಗಡಿಯ ಪಾಲಾಕ್ಷಪ್ಪ.

ಪಾಲಾಕ್ಷಪ್ಪ ಕೆಟ್ಟವನಲ್ಲ. ಮದುವೆಗೆ, ಗೃಹಪ್ರವೇಶಕ್ಕೆ ಸ್ಟೀಲಿನ ತಂಬಿಗೆ, ತಟ್ಟೆಗಳ ಮೇಲೆ ಹೆಸರು ಕೊರೆದು ಮಾರುವುದು ಅವನ ಕಸುಬು. ಕೊರೆಯುವಾಗ ಒಮ್ಮೊಮ್ಮೆ ವಧುವಿನ ಹೆಸರಿನ ಜಾಗದಲ್ಲಿ ಅತ್ತೆಯ ಹೆಸರು ಬಿದ್ದದ್ದುಂಟು. ಒಂದು ಸಲ ಗೃಹಪ್ರವೇಶದ ತಟ್ಟೆಗಳ ಮೇಲೆಲ್ಲ "ಸ್ವರ್ಗಸ್ಥರ ಸ್ಮರಣಾರ್ಥ" ಎಂದು ಕೊರೆದು, ಮನೆಯ ಯಜಮಾನನೇ ಅಂಗಡಿಗೆ ಬಂದು ತಾನಿನ್ನೂ ಬದುಕಿದ್ದೇನೆಂದು ತೋರಿಸಬೇಕಾಯಿತು. ಇಂಥ ಸಣ್ಣಪುಟ್ಟ ಎಡವಟ್ಟುಗಳನ್ನು ಬಿಟ್ಟರೆ ಅವನ ಮೇಲೆ ಯಾರದೂ ದೂರಿರಲಿಲ್ಲ.

ಆ ವರ್ಷ ಎದುರು ಮನೆಯ ಶೇಂಗಾ ವ್ಯಾಪಾರಿ ಜಂಬಣ್ಣ ಹೊಸ ಮನೆ ಕಟ್ಟಿಸಿ, ಪಡಸಾಲೆಯ ಒಂದು ಗೋಡೆಯ ಉದ್ದಗಲಕ್ಕೂ ಜಲಪಾತದ ಚಿತ್ರವಿರುವ ಕಾಗದ ಅಂಟಿಸಿದ. ಹಿಮದ ಬೆಟ್ಟ, ಧೋ ಎಂದು ಬೀಳುವ ನೀರು, ನೀರಿನ ಪಕ್ಕ ಎರಡು ಜಿಂಕೆ. ಜನ ಚಪ್ಪಲಿ ಬಿಟ್ಟು ಒಳಗೆ ಹೋಗಿ ನೋಡಿ ಬಂದರು. ಹೊಸದಾಗಿ ಮದುವೆಯಾದವರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಪಾಲಾಕ್ಷಪ್ಪನ ತಾಯಿ ಹಾಲಮ್ಮ ಕೂಡ ಹೋಗಿ ಬಂದಳು.

"ಏನ್ ತಂಪೈತಲೇ ಪಾಲಾಕ್ಷಿ ಆ ಮನಿ! ಸ್ವಲ್ಪ ಹೊತ್ತು ಕುಂತಿದ್ದಕ್ಕ ನನಗ ನೆಗಡಿ ಆತು ನೋಡು," ಎಂದು ಮಗನ ಮುಂದೆ ಸೀನಿದಳು.

ಆ ಸೀನು ಪಾಲಾಕ್ಷಪ್ಪನ ಎದೆಗೆ ನಾಟಿತು. ಮುಂದಿನ ವಾರ ಪಾತ್ರೆ ತರಲು ಹುಬ್ಬಳ್ಳಿಗೆ ಹೋದವನು, ಗೋಡೆಯ ಅಲಂಕಾರದ ಸಾಮಾನು ಮಾರುವ ಅಂಗಡಿಯೊಂದಕ್ಕೆ ನುಗ್ಗಿದ.

"ಗೋಡಿಗೆ ಹಾಕಾಕ ನೀರಿನ ಚಿತ್ರ ಬೇಕ್ರಿ. ನಮ್ಮ ಎದುರು ಮನಿಯವನ ನೀರಿಗಿಂತ ಜಾಸ್ತಿ ನೀರು ಇರಬೇಕು," ಎಂದ.

ಅಂಗಡಿಯವನು ಸ್ವಲ್ಪ ಯೋಚಿಸಿ, ಒಳಗಿನಿಂದ ಮೂರು ದೊಡ್ಡ ತಗಡುಗಳನ್ನು ತಂದು ಗೋಡೆಗೆ ಒರಗಿಸಿದ. ಮೂರರ ಮೇಲೂ ಸಮುದ್ರ. ಸಮುದ್ರದ ಮೇಲೆ ಹಳೇ ಕಾಲದ ಹಾಯಿಹಡಗುಗಳು, ಹಡಗಿನ ಹೊಟ್ಟೆಯಿಂದ ಮೂತಿ ಚಾಚಿದ ತೋಪುಗಳು, ಹೊಗೆ, ಬೆಂಕಿ, ನೀರಿಗೆ ಹಾರುತ್ತಿರುವ ಜನ.

"ಫಾರಿನ್ನಿನ ಹಳೇ ಪೇಂಟಿಂಗ್ ಇವು. ತಗಡಿನ ಮ್ಯಾಲೆ ಅಚ್ಚು ಹಾಕ್ಯಾರ. ಗೆದ್ದಲು ಹತ್ತಂಗಿಲ್ಲ, ಹರಿಯಂಗಿಲ್ಲ. ಇದಕ್ಕಿಂತ ಜಾಸ್ತಿ ನೀರು ಬೇಕಂದ್ರ ನೀವು ಗೋವಾಕ್ಕ ಹೋಗಬೇಕ್ರಿ."

ಪಾಲಾಕ್ಷಪ್ಪ ಬೆರಳ ಗೆಣ್ಣಿನಿಂದ ಸಮುದ್ರವನ್ನು ತಟ್ಟಿ, ಕಿವಿಗೊಟ್ಟು ಕೇಳಿದ. ನಾದ ಚೆನ್ನಾಗಿತ್ತು. ಪಾತ್ರೆಯವನಿಗೆ ಇದಕ್ಕಿಂತ ಬೇರೆ ಪರೀಕ್ಷೆ ಬೇಕಿರಲಿಲ್ಲ. ಅದು ಯಾವ ಯುದ್ಧ, ಯಾವ ರಾಜ, ಯಾವ ಸಮುದ್ರ ಎಂದು ಅಂಗಡಿಯವನು ತಗಡಿಗೆ ಹುರಿ ಸುತ್ತುತ್ತ ವಿವರವಾಗಿ ಹೇಳಿದ. ಪಾಲಾಕ್ಷಪ್ಪ ಎಲ್ಲದಕ್ಕೂ ತಲೆಯಾಡಿಸಿದ. ಬಸ್ಸು ಗದಗ ದಾಟುವಷ್ಟರಲ್ಲಿ ಅವನಿಗೆ ನೆನಪಿದ್ದದ್ದು ಒಂದೇ: ಸೋತವರು ಬಹಳ ಜನ.

ಮನೆಗೆ ಬಂದವನೇ ಪಡಸಾಲೆಯಲ್ಲಿ ಬೀದಿ ಬಾಗಿಲಿಗೆ ಎದುರಾದ ಗೋಡೆಯಿಂದ ದೇವರ ಫೋಟೊಗಳನ್ನು ಇಳಿಸಿ, ಮೂರೂ ತಗಡುಗಳನ್ನು ಸಾಲಾಗಿ ನೇತುಹಾಕಿದ. ಹೆಂಡತಿ ಕಲ್ಯಾಣಮ್ಮ ಅಡುಗೆಮನೆಯಿಂದ ಬಂದು ನೋಡಿ ಸೊಂಟದ ಮೇಲೆ ಕೈಯಿಟ್ಟಳು.

"ಬೆಳಿಗ್ಗೆದ್ದು ಯಾರ ಮಕ ನೋಡಬೇಕ್ರೀ ನಾವು? ಬೆಂಕಿ ಹತ್ತಿದ ಹಡಗಿಂದೇನು?"

"ನಿನಗ ತಿಳಿಯಂಗಿಲ್ಲ ಬಿಡು. ದೊಡ್ಡ ದೊಡ್ಡ ಮನಿಯಾಗ ಹಿಂಗೇ ಹಾಕೋದು."

"ದೊಡ್ಡ ಮನಿಯಾಗ ಜಾಗ ಇರ್ತೈತಿ, ಒಬ್ಬರಿಗೊಬ್ಬರು ತಾಕದಂಗ ಯುದ್ಧ ಮಾಡ್ತಾರ. ನಮ್ಮನಿಯಾಗ ತೋಪಿನ ಮೂತಿ ಊಟದ ತಟ್ಟಿಗೆ ಬಂದೈತಿ."

ತೋಪಿನ ಮೂತಿಯ ವಿಷಯದಲ್ಲಿ ಕಲ್ಯಾಣಮ್ಮ ಹೇಳಿದ್ದರಲ್ಲಿ ಸತ್ಯವಿತ್ತು. ನಡುವಿನ ದೊಡ್ಡ ತಗಡಿನಲ್ಲಿ ಎಡಗಡೆ ಒಂದೇ ಒಂದು ಹಡಗು, ಬಲಗಡೆ ಶತ್ರುಗಳ ಇಡೀ ದಂಡು. ಆ ದಂಡಿನ ತೋಪುಗಳೆಲ್ಲ ಬಾಗಿಲು ದಾಟಿ, ಬೀದಿ ದಾಟಿ, ನೇರವಾಗಿ ಜಂಬಣ್ಣನ ಜಲಪಾತಕ್ಕೆ ಗುರಿಯಿಟ್ಟಂತೆ ಕಾಣುತ್ತಿದ್ದವು.

ಮೊದಲು ನೋಡಿದ ಸರ್ಕಾರಿ ಮನುಷ್ಯ ಪಟ್ಟಣ ಪಂಚಾಯಿತಿಯ ಬಿಲ್ ಕಲೆಕ್ಟರ್. ನೀರಿನ ಕಂದಾಯ ಕೇಳಲು ಬಂದವನು ಬಾಗಿಲಲ್ಲೇ ಬಾಯಿ ಬಿಟ್ಟು ನಿಂತ.

"ನಲ್ಲಿಗೆ ನೀರು ಬರ್ತಿಲ್ಲ ಅಂತ ತಿಂಗಳಿಗೊಂದು ಅರ್ಜಿ ಕೊಡ್ತೀರಲ್ರಿ ಪಾಲಾಕ್ಷಪ್ಪಾರ? ಇಷ್ಟು ನೀರು ಮನಿಯಾಗ ಇಟ್ಟುಕೊಂಡು?" ಎಂದು ನಕ್ಕು, ನಗುತ್ತಲೇ ಕಂದಾಯ ಕೇಳುವುದನ್ನು ಮರೆತು ಹೋದ. ಇದು ಪಾಲಾಕ್ಷಪ್ಪನಿಗೆ ಶುಭಶಕುನವಾಗಿ ಕಂಡಿತು.

ಸಂಜೆಗೆ ಜಂಬಣ್ಣ ಬಂದ. ನೋಡಲು ಬಂದದ್ದಲ್ಲ, ಕೇಳಲು ಬಂದದ್ದು.

"ಅಲ್ಲಪಾ, ನಿನ್ನ ತೋಪಿನ ಬಾಯಿ ನನ್ನ ಮನಿ ಕಡೆ ಯಾಕ ಮಾಡೀಯ? ನನ್ನ ಹೆಂಡ್ತಿ ಬಾಗಿಲಾಗ ಕುಂದ್ರಾಕ ಹೆದರ್ತಾಳ."

"ಯುದ್ಧ ನಡದೈತಿ ಜಂಬಣ್ಣ. ಅದೆಲ್ಲ ನೋಡಾಕ ಆಗಂಗಿಲ್ಲ."

"ಯಾರ ಯುದ್ಧ?"

ಪಾಲಾಕ್ಷಪ್ಪ ಬಾಯಿ ತೆರೆದ. ಸೋತವರು ಬಹಳ ಜನ ಎಂಬುದೊಂದೇ ನಾಲಗೆಯ ಮೇಲಿತ್ತು. ಅದನ್ನು ಹೇಳಿದರೆ ಜಂಬಣ್ಣ ಬಿಡುವವನಲ್ಲ. ಅಂಗಳದಲ್ಲಿ ಆಗಲೇ ಇನ್ನೂ ಕೆಲವರು ಇಣುಕುತ್ತಿದ್ದರು. ಸುಳ್ಳು ಹೇಳಬೇಕೆಂದು ಅವನೇನೂ ನಿಶ್ಚಯ ಮಾಡಿರಲಿಲ್ಲ. ಬಾಯಿ ತೆರೆದಾಗ ಒಳಗಿದ್ದವುಗಳಲ್ಲಿ ಅದು ಮೊದಲು ಹೊರಗೆ ಬಂತು, ಅಷ್ಟೇ.

"ನಮ್ಮದೇ," ಎಂದ. "ಇಲ್ಲಿ ಈ ಹಡಗಿನ ಕಂಬ ಹಿಡಕೊಂಡು ನಿಂತಾನಲ್ಲ, ಅವನು ನಮ್ಮ ತಾತನ ಅಣ್ಣ."

ಜಂಬಣ್ಣ ಕಣ್ಣು ಕಿರಿದು ಮಾಡಿ ನೋಡಿದ. "ಕೂದಲು ಕೆಂಪಗ ಐತಲ್ಲ?"

"ಸಮುದ್ರದ ಬಿಸಿಲು, ಜಂಬಣ್ಣ. ನಿನಗ ಗೊತ್ತಿಲ್ಲ."

ಜಂಬಣ್ಣನಿಗೆ ಗೊತ್ತಿರಲಿಲ್ಲ, ಪಾಲಾಕ್ಷಪ್ಪನಿಗೂ ಗೊತ್ತಿರಲಿಲ್ಲ; ಸಮುದ್ರದ ಬಿಸಿಲನ್ನು ಇಬ್ಬರೂ ಕಂಡವರಲ್ಲ. ಹಾಗಾಗಿ ಮಾತು ಅಲ್ಲಿಗೆ ನಿಂತಿತು. ಆದರೆ ಸುದ್ದಿ ನಿಲ್ಲಲಿಲ್ಲ. ಅದು ಸಂತೆಯ ಜನರ ಜೊತೆ ಬಸ್ಸು ಹತ್ತಿತು. ಕೂಡ್ಲಿಗಿಯಲ್ಲಿ ಪಾಲಾಕ್ಷಪ್ಪನ ತಾತನ ಅಣ್ಣ ಹಡಗಿನ ಕ್ಯಾಪ್ಟನ್ ಆದ. ಹಗರಿಬೊಮ್ಮನಹಳ್ಳಿಗೆ ಹೋಗುವಷ್ಟರಲ್ಲಿ ಒಬ್ಬನೇ ಶತ್ರುವಿನ ಅರ್ಧ ದಂಡನ್ನು ಮುಳುಗಿಸಿದ. ಹರಪನಹಳ್ಳಿಯಲ್ಲಿ ಯಾವುದೋ ದೇಶದ ರಾಣಿ ಅವನ ಕೊರಳಿಗೆ ತನ್ನ ಕೈಯಾರೆ ಪದಕ ಹಾಕಿ, ಆಮೇಲೆ ಅವನ ನೆನಪಲ್ಲೇ ಮದುವೆಯಾಗದೆ ಉಳಿದಳು.

ಆ ಹರಪನಹಳ್ಳಿಯಿಂದಲೇ ಒಂದು ದಿನ ಕಲ್ಯಾಣಮ್ಮನ ತಮ್ಮ ಓಡಿ ಬಂದ. ಬಂದವನು ನೀರು ಕೂಡ ಕುಡಿಯಲಿಲ್ಲ.

"ಅಕ್ಕಾ, ನಮ್ಮ ಅರ್ಚನಾಗ ಸಂಬಂಧ ಬಂದೈತಿ! ಹಲವಾಗಲದವರು. ಹುಡುಗ ಪ್ರವೀಣಕುಮಾರ್, ಹಗರಿಬೊಮ್ಮನಹಳ್ಳಿಯಾಗ ಕಾಲೇಜಿನ ಲೆಕ್ಚರರ್."

ಬಾಗಿಲ ಹಿಂದೆ ಬಳೆಯ ಸದ್ದಾಯಿತು. ಪಾಲಾಕ್ಷಪ್ಪನ ಒಬ್ಬಳೇ ಮಗಳು ಅರ್ಚನಾ ಬಿ.ಕಾಂ. ಮುಗಿಸಿ ಮನೆಯಲ್ಲಿದ್ದಳು. ಆ ಹುಡುಗನನ್ನು ಬೇಸಿಗೆಯಲ್ಲಿ ನಡೆದ ಒಂದು ಮದುವೆಯಲ್ಲಿ ಅವಳು ನೋಡಿದ್ದಳು. ಬಡಿಸುವಾಗ ಅವನು ಸಾಕು ಸಾಕೆಂದರೂ ಅವನ ಎಲೆಗೆ ಮತ್ತೊಂದು ಹೋಳಿಗೆ ಹಾಕಿದ್ದಳು. ಅವನು ಅದನ್ನು ಬಿಡದೆ ತಿಂದಿದ್ದ. ಇದು ಮನೆಯಲ್ಲಿ ಕಲ್ಯಾಣಮ್ಮನೊಬ್ಬಳಿಗೆ ಗೊತ್ತಿತ್ತು.

"ಆ ಮನಿಯಾಗ ಹುಡುಗನ ದೊಡ್ಡಪ್ಪನ ಮಾತೇ ಮಾತು," ತಮ್ಮ ಮುಂದುವರಿಸಿದ. "ನೇವಿ ಗಂಗಾಧರಪ್ಪ ಅಂತ. ನೌಕಾಪಡೆಯಾಗ ಇದ್ದು ರಿಟೈರ್ ಆಗಿ ಬಂದಾರ. ಎಷ್ಟು ಸಂಬಂಧ ಬಂದ್ರೂ ಮೂಗು ಮುರೀತಿದ್ರಂತ. ನಿಮ್ಮದು ಹಡಗಿನ ಮನಿತನ ಅಂತ ಕೇಳಿದ ಕೂಡ್ಲೇ, ಆ ಚಿತ್ರ ನಾನೇ ಕಣ್ಣಾರೆ ನೋಡಬೇಕು, ಆ ಮಾವನ ಜೋಡಿ ಸಮುದ್ರದ ಮಾತು ಆಡಬೇಕು ಅಂದಾರ. ದೀಪಾವಳಿ ಮುಗಿದ ಮ್ಯಾಲೆ ಬರ್ತಾರ!"

ಪಾಲಾಕ್ಷಪ್ಪ ಹಾಗೆಯೇ ಕುರ್ಚಿಯಲ್ಲಿ ಕುಸಿದ. ಎಲ್ಲರೂ ಅದನ್ನು ಆನಂದವೆಂದು ತಿಳಿದರು.

ನಿಜ ಹೇಳಿಬಿಡೋಣವೆಂದು ಅವನು ಎರಡು ಮೂರು ಸಲ ಮಗಳ ಕಡೆ ತಿರುಗಿದ. ಪ್ರತಿ ಸಲವೂ ಅವಳು ಹಾಡು ಗುನುಗುತ್ತಿದ್ದಳು. ಗುನುಗುವ ಮಗಳ ಮುಂದೆ ಎಂಥ ತಂದೆಯೂ ನಿಜ ಹೇಳಲಾರ. ಉಳಿದದ್ದು ಒಂದೇ ದಾರಿ: ನೌಕಾಪಡೆಯವನು ಬರುವಷ್ಟರಲ್ಲಿ ನೀರಿನ ಅನುಭವ ಸಂಪಾದಿಸುವುದು. ಹಡಗು ಹತ್ತಿದರೆ ಹೇಗಿರುತ್ತದೆ, ಹೊಟ್ಟೆಯಲ್ಲಿ ಏನಾಗುತ್ತದೆ, ಅಷ್ಟು ತಿಳಿದರೂ ಸಾಕು. ಹಲವಾಗಲದಲ್ಲೇ ಹೊಳೆಯಿದೆ, ಆದರೆ ಅದು ಬೀಗರ ಊರು. ಬಹಳ ಯೋಚಿಸಿ, ಹಡಗಲಿ ಎಂದ ಮೇಲೆ ಅಲ್ಲಿ ಹಡಗು ಇದ್ದೇ ಇರಬೇಕೆಂದು ತೀರ್ಮಾನಿಸಿ, ಹಡಗಲಿಯ ಬಸ್ಸು ಹತ್ತಿದ.

ಹಡಗಲಿ ಬಸ್‌ಸ್ಟ್ಯಾಂಡಿನಲ್ಲಿ ಹೂವು ಮಾರುತ್ತಿದ್ದ ಕೆಂಚಕ್ಕನನ್ನು ಮೆಲ್ಲಗೆ ಕೇಳಿದ. "ಇಲ್ಲಿ ಹಡಗು ಎಲ್ಲಿ ಸಿಗ್ತಾವಬೇ?"

ಕೆಂಚಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಹಿಂದಿನ ಕಾಲದಾಗ ಇದ್ದವಂತಪಾ. ಹೂವು ಹೇರಿಕೊಂಡು ಹಂಪಿಗೆ ಹೋಗ್ತಿದ್ದವಂತ. ಬರೋದು ತಡಾ ಮಾಡೀಯ. ಹಡಗು ಹೋದ್ವು, ಹೂವು ಉಳದಾವ. ಎರಡು ಮೊಳ ಕೊಡ್ಲೇನು?"

ಎರಡು ಮೊಳ ಮಲ್ಲಿಗೆ ಕೊಂಡು ಪಾಲಾಕ್ಷಪ್ಪ ಹೊಳೆ ದಂಡೆಯ ಒಂದು ಹಳ್ಳಿಗೆ ಹೋದ. ಹಡಗು ಇಲ್ಲದಿದ್ದರೂ ಅಲ್ಲಿ ಹರಿಗೋಲು ಇತ್ತು. ದೊಡ್ಡ ಬುಟ್ಟಿಯಂಥ ಆ ದೋಣಿಯಲ್ಲಿ ಆಗಲೇ ಒಬ್ಬರು ಕೂತಿದ್ದರು. ಆನೆಯಂಥ ಆಳು, ಎರಡೂ ಕಡೆ ಸುರುಳಿ ಸುತ್ತಿದ ಮೀಸೆ. ಯಾರಾದರೂ ಗುರುತು ಹಿಡಿದಾರೆಂಬಂತೆ ತಲೆಯ ಮೇಲೆ ಟವೆಲ್ ಎಳೆದುಕೊಂಡಿದ್ದರು. ಪಾಲಾಕ್ಷಪ್ಪನೂ ತಲೆಯ ಮೇಲೆ ಟವೆಲ್ ಎಳೆದುಕೊಂಡು ಎದುರಿಗೆ ಕೂತ.

ಹರಿಗೋಲು ನಡುಹೊಳೆಗೆ ಬಂದು, ಹರಿಗೋಲುಗಳ ಸ್ವಭಾವದಂತೆ ನಿಧಾನವಾಗಿ ಬುಗುರಿಯಂತೆ ತಿರುಗಲು ಶುರುವಾಯಿತು. ಪಾಲಾಕ್ಷಪ್ಪ ಕಣ್ಣು ಮುಚ್ಚಿಕೊಂಡು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡ.

"ಯಜಮಾನ್ರ," ಎದುರಿನಿಂದ ಅಳುವ ದನಿ ಬಂತು. "ನೀರು ಕಂಡ್ರ ನನ್ನ ಜೀವ ಹೋಗ್ತೈತ್ರಿ. ನನ್ನ ಕೈ ಬಿಡಬ್ಯಾಡ್ರಿ."

"ನಾನು ಕೈ ಹಿಡಿದಿಲ್ರಿ. ಇದು ನಿಮ್ಮ ಮೀಸಿ."

"ಅದನ್ನರ ಹಿಡಕೊಳ್ರಿ! ಬಿಡಬ್ಯಾಡ್ರಿ!"

ಹುಟ್ಟು ಹಾಕುತ್ತಿದ್ದವನು ಇಬ್ಬರನ್ನೂ ನೋಡಿ, "ಇಲ್ಲಿ ನೀರು ಎದಿ ಮಟ್ಟ ಐತ್ರಿ. ಎದ್ದು ನಿಂತ್ರ ನಡಕೊಂಡೇ ಹೋಗಬೌದು," ಎಂದ. ಯಾರೂ ಎದ್ದು ನಿಲ್ಲಲಿಲ್ಲ. ಆಚೆ ದಂಡೆ ಮುಟ್ಟುವವರೆಗೆ ಪಾಲಾಕ್ಷಪ್ಪ ಮೀಸೆ ಬಿಡಲಿಲ್ಲ. ಮೀಸೆಯವರು ಪಾಲಾಕ್ಷಪ್ಪನ ಕೊರಳು ಬಿಡಲಿಲ್ಲ. ಇಳಿಯುವಾಗ ಇಬ್ಬರೂ ಒಟ್ಟಿಗೇ ಕಾಲಿಟ್ಟು ಒಟ್ಟಿಗೇ ಮೊಣಕಾಲು ನೀರಿನಲ್ಲಿ ಬಿದ್ದರು.

"ನೀವು ನನ್ನ ನೋಡಿಲ್ಲ, ನಾನು ನಿಮ್ಮ ನೋಡಿಲ್ಲ," ಎಂದರು ಮೀಸೆಯವರು, ಟವೆಲ್ ಹಿಂಡುತ್ತ.

"ನಾನು ಇಲ್ಲಿಗೆ ಬಂದೇ ಇಲ್ರಿ," ಎಂದ ಪಾಲಾಕ್ಷಪ್ಪ.

ಸೇತುವೆಯಿರುವ ಸುತ್ತುದಾರಿಯ ಬಸ್ಸು ಹಿಡಿದು ಅವನು ಮನೆ ಸೇರಿದಾಗ ಕೈಯಲ್ಲಿ ಎರಡು ಮೊಳ ಮಲ್ಲಿಗೆ ಹಾಗೇ ಇತ್ತು. ಒದ್ದೆ ಬಟ್ಟೆಯಲ್ಲಿ ಹೂವು ಹಿಡಿದು ಬಂದ ಗಂಡನನ್ನು ಕಂಡು ಕಲ್ಯಾಣಮ್ಮ ಮಗಳ ಮುಖ ನೋಡಿ ನಕ್ಕಳು. ಹೂವು ಮುಡಿದುಕೊಂಡಳು.

ಕೊನೆಗೆ ಆ ಭಾನುವಾರ ಬಂತು. ಬೆಳಗಿನಿಂದ ಮನೆಯಲ್ಲಿ ಒಗ್ಗರಣೆಯ ವಾಸನೆ. ಅರ್ಚನಾ ಸೀರೆ ಆರಿಸುತ್ತಿದ್ದಳು, ಕಲ್ಯಾಣಮ್ಮ ಮಿರ್ಚಿಗೆ ಹಿಟ್ಟು ಕಲಸುತ್ತಿದ್ದಳು, ಪಾಲಾಕ್ಷಪ್ಪ ಬಚ್ಚಲಲ್ಲಿ ನಿಂತು "ಸಮುದ್ರ ಅಂದ್ರ ಸಮುದ್ರಾನೇ ಬಿಡ್ರಿ" ಎಂಬ ವಾಕ್ಯವನ್ನು ಗಂಭೀರ ದನಿಯಲ್ಲಿ ಹೇಳಿ ಅಭ್ಯಾಸ ಮಾಡುತ್ತಿದ್ದ. ಯಾರಿಗೂ ಹಾಲಮ್ಮನ ನೆನಪಾಗಲಿಲ್ಲ. ಮೊಮ್ಮಗಳನ್ನು ನೋಡಲು ಬರುವ ದಿನ ತಾನು ಸುಮ್ಮನೆ ಕೂರುವುದೆಂದರೇನು ಎಂದು ಆ ಮುದುಕಿ ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು ತೆಗೆದುಕೊಂಡು ದೀಪದ ಕಂಬ ತಿಕ್ಕಿದಳು, ತಂಬಿಗೆ ತಿಕ್ಕಿದಳು. ಆಮೇಲೆ ಪಡಸಾಲೆಗೆ ಬಂದು ಗೋಡೆ ನೋಡಿದಳು. ಪಾತ್ರೆಯವರ ಮನೆಯಲ್ಲಿ ಇಷ್ಟು ದೊಡ್ಡ ತಗಡು ಕಪ್ಪು ಹಿಡಿದು ಕೂತಿದ್ದು ಅವಳಿಗೆ ಸಹಿಸಲಾಗಲಿಲ್ಲ.

ಕಲ್ಯಾಣಮ್ಮ ಬಂದು "ಅಯ್ಯಯ್ಯೋ ಅತ್ತೀ!" ಎಂದು ಕಿರುಚಿದಾಗ ಪಾಲಾಕ್ಷಪ್ಪ ಮೈಮೇಲೆ ನೀರು ಸುರಿಯುತ್ತಲೇ ಓಡಿ ಬಂದ. ನಡುವಿನ ತಗಡಿನಲ್ಲಿ ಅವನ ತಾತನ ಅಣ್ಣ ಕಂಬ ಹಿಡಿದು ನಿಂತೇ ಇದ್ದ. ಆದರೆ ಬಲಗಡೆ ಶತ್ರುಗಳ ದಂಡೇ ಇರಲಿಲ್ಲ. ಹಡಗಿಲ್ಲ, ತೋಪಿಲ್ಲ, ಸಮುದ್ರವೂ ಇಲ್ಲ. ಆ ಜಾಗವೆಲ್ಲ ಫಳಫಳ ಹೊಳೆಯುವ ಬರಿಯ ತಗಡು.

"ಎಂಥಾ ಮಸಿ ಹಿಡಿದಿತ್ತಲೇ!" ಎಂದಳು ಹಾಲಮ್ಮ ಹೆಮ್ಮೆಯಿಂದ. "ಈಗ ನೋಡು, ಮಕ ಕಾಣ್ತೈತಿ. ಉಳಿದ ಅರ್ಧ ಅವರು ಬರೋದ್ರಾಗ ಮುಗಿಸ್ತೀನಿ."

ಅಷ್ಟರಲ್ಲಿ ಬೀದಿಯಲ್ಲಿ ಜೀಪಿನ ಸದ್ದಾಯಿತು.

ಪಾಲಾಕ್ಷಪ್ಪ ಒಳಗೋಡಿ ಪಂಚೆ ಸುತ್ತಿಕೊಂಡು ಬರುವಷ್ಟರಲ್ಲಿ ಬೀಗರು ಅಂಗಳಕ್ಕೆ ಬಂದಾಗಿತ್ತು. ಮುಂದೆ ಹುಡುಗ ಪ್ರವೀಣಕುಮಾರ್, ಅವನ ಪಕ್ಕ ತಾಯಿ ಭಾಗ್ಯಮ್ಮ. ಅವರ ಹಿಂದೆ, ಬಿಳಿ ಸಫಾರಿ ತೊಟ್ಟು, ಎದೆ ಮುಂದೆ ಮಾಡಿಕೊಂಡು, ನೇವಿ ಗಂಗಾಧರಪ್ಪ. ಕರೆಯದಿದ್ದರೂ ಜಂಬಣ್ಣ ಅವರ ಜೊತೆಗೇ ಒಳಗೆ ಬಂದ. ಎರಡು ಹಡಗಿನ ಮನೆತನಗಳು ಸೇರುವುದನ್ನು ಅವನು ಯಾವ ಬೆಲೆಗೂ ಬಿಡುವಂತಿರಲಿಲ್ಲ.

"ಬರ್ರಿ, ಬರ್ರಿ," ಎಂದು ಕೈಮುಗಿದ ಪಾಲಾಕ್ಷಪ್ಪ ತಲೆಯೆತ್ತಿದ. ಮೊದಲು ಮೀಸೆ ಕಂಡಿತು. ಅವನ ಬೆರಳುಗಳಿಗೆ ಆ ಮೀಸೆಯ ಗುರುತು ಕಣ್ಣಿಗಿಂತ ಮೊದಲೇ ಸಿಕ್ಕಿತು. ಗಂಗಾಧರಪ್ಪನವರ ಕೈ ತಾನಾಗಿಯೇ ಮೀಸೆಯ ರಕ್ಷಣೆಗೆ ಹೋಯಿತು. ಇಬ್ಬರ ಮುಖದಲ್ಲೂ ರಕ್ತವಿಳಿದು, ಮತ್ತೆ ಏರಿ, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಕಿವಿಗೆ ಹೋಯಿತು.

"ಏನ್ರಿ, ಮೊದಲೇ ಪರಿಚಯ ಐತೇನು?" ಎಂದ ಜಂಬಣ್ಣ.

"ಐತಿ," ಎಂದರು ಗಂಗಾಧರಪ್ಪ.

"ಇಲ್ಲ," ಎಂದ ಪಾಲಾಕ್ಷಪ್ಪ.

"ಇಲ್ಲ," ಎಂದರು ಗಂಗಾಧರಪ್ಪ.

"ಐತಿ," ಎಂದ ಪಾಲಾಕ್ಷಪ್ಪ. ಆಮೇಲೆ ಗಂಟಲು ಸರಿಮಾಡಿಕೊಂಡು, "ಅಂದ್ರ ಏನಂದ್ರ ಜಂಬಣ್ಣ, ನೀರಿನ ಮನುಷ್ಯಾರು ಕಣ್ಣಾಗೇ ಗುರುತು ಹಿಡೀತಾರ," ಎಂದ.

ಗಂಗಾಧರಪ್ಪನವರ ಮೀಸೆ ಸ್ವಲ್ಪ ಅಲುಗಿತು. "ಬರೋಬ್ಬರಿ," ಎಂದರು.

ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಂದವು. ಅರ್ಚನಾ ಚಹಾ ತಂದಳು. ಪ್ರವೀಣಕುಮಾರ್ ಅವಳನ್ನು ನೋಡಿ, "ಇಲ್ಲಿ ಹೋಳಿಗಿ ಇಲ್ಲೇನ್ರಿ?" ಎಂದ. ಅವಳು ನಗು ತಡೆಯಲಾರದೆ ಒಳಗೋಡಿದಳು. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಆದರೆ ಜಂಬಣ್ಣ ಬಾಯಿಗೆ ಹಾಕಿದ ಮಿರ್ಚಿಯನ್ನು ನುಂಗದೆ ಎದ್ದು ನಿಂತ.

"ಗಂಗಾಧರಪ್ಪಾರ, ನೀವು ಬಲ್ಲವರು. ನನಗೊಂದು ಅನುಮಾನ ಐತಿ. ನಿನ್ನೆ ಸಂಜಿತನಕ ಈ ನಡುವಿನ ಚಿತ್ರದಾಗ ಬಲಗಡೆ ಶತ್ರುಗಳ ಹಡಗು ಇದ್ದವು. ನನ್ನ ಮನಿ ಕಡೇನೇ ಮಕ ಮಾಡಿದ್ವು. ಇವತ್ತು ಎಲ್ಲಿ ಹೋದ್ವು?"

ನಡುಮನೆಯ ಬಾಗಿಲಿನಿಂದ ಹಾಲಮ್ಮ, "ನಾನೇ ತಿ—" ಎಂದು ಶುರುಮಾಡಿದಳು. ಕಲ್ಯಾಣಮ್ಮ ಅವಳ ಬಾಯಿಗೊಂದು ಮಿರ್ಚಿ ತುರುಕಿ ಒಳಗೆಳೆದುಕೊಂಡಳು.

ಗಂಗಾಧರಪ್ಪ ನಿಧಾನವಾಗಿ ಎದ್ದು, ಕನ್ನಡಕ ಹಾಕಿಕೊಂಡು, ತಗಡಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಶತ್ರುಗಳ ಜಾಗದಲ್ಲಿ ಒಂದು ದೊಡ್ಡ ಮೀಸೆ ಬೆವರುತ್ತಿತ್ತು. ಅದರ ಹಿಂದೆ, ಹೆಗಲ ಮೇಲಿಂದ, ಪಾಲಾಕ್ಷಪ್ಪನ ಮುಖ ಕಾಣುತ್ತಿತ್ತು, ಹರಿಗೋಲಿನಲ್ಲಿದ್ದಂತೆಯೇ ಇತ್ತು. ಗಂಗಾಧರಪ್ಪ ನೆಟ್ಟಗಾದರು.

"ಮುಳುಗ್ಯಾವ," ಎಂದರು.

"ರಾತ್ರಿ ಬೆಳಗಾಗೋದ್ರಾಗ?"

"ಯುದ್ಧ ಅಂದ ಮ್ಯಾಲೆ ಒಂದು ರಾತ್ರಿ ಬಹಳ ಆತು."

"ಅಲ್ರೀ, ಚಿತ್ರದಾಗ ಹೆಂಗ ಮುಳುಗ್ತಾವ?"

"ಇದು ಕಾಗದದ ಜಲಪಾತ ಅಲ್ಲ ಯಜಮಾನ್ರ, ಬಿದ್ದಲ್ಲೇ ಬೀಳ್ತಾ ಇರಾಕ. ಇದು ಲೋಹ," ಎಂದರು ಗಂಗಾಧರಪ್ಪ. ದನಿ ಅವರಿಗೇ ಗೊತ್ತಿಲ್ಲದಂತೆ ಗಟ್ಟಿಯಾಗುತ್ತ ಹೋಯಿತು. "ಲೋಹಕ್ಕ ಉಪ್ಪುಗಾಳಿ ಬಡೀತಂದ್ರ ಮೊದಲು ಸೋತವರು ಅಳಿಸಿ ಹೋಗ್ತಾರ. ಗೆದ್ದವರು ಉಳೀತಾರ. ವಿಶಾಖಪಟ್ಟಣದಾಗ ಇಂಥಾವು ಎಷ್ಟು ನೋಡೀವಿ ನಾವು."

"ನಮ್ಮ ತಾತನ ಅಣ್ಣನೂ ಹಂಗೇ ಹೇಳ್ತಿದ್ದ," ಎಂದ ಪಾಲಾಕ್ಷಪ್ಪ, ಧೈರ್ಯ ಬಂದು.

"ಅವನು ಯುದ್ಧದಾಗ ತೀರಿಕೊಂಡ ಅಂತ ಮಂದಿ ಅಂತಾರಲ್ಲ?" ಎಂದ ಜಂಬಣ್ಣ.

"ತೀರಿಕೊಳ್ಳೋಕಿಂತ ಮೊದಲು ಹೇಳಿದ್ದ. ಸಮುದ್ರ ಅಂದ್ರ ಸಮುದ್ರಾನೇ ಬಿಡು ಜಂಬಣ್ಣ."

"ಅದೇ ಮಾತು!" ಎಂದರು ಗಂಗಾಧರಪ್ಪ, ತೊಡೆ ತಟ್ಟಿ. "ಬೀಗರೇ, ಸಮುದ್ರ ಕಂಡವರು ಮಾತ್ರ ಆಡೋ ಮಾತು ಇದು!"

ಜಂಬಣ್ಣನಿಗೆ ಸಮಾಧಾನವಾಗಲಿಲ್ಲ. ತಾನೇ ಹೋಗಿ ಬಗ್ಗಿ ನೋಡಿದ. "ಎಲ್ಲಾ ಮುಳುಗಿಲ್ರಿ! ಇಲ್ಲಿ ಒಬ್ಬ ಶತ್ರು ಉಳದಾನ. ದಪ್ಪ ಮೂಗು, ಹಣೆ ಮ್ಯಾಲೆ ವಿಭೂತಿ..." ಎಂದು ಅಲ್ಲಿಗೇ ನಿಲ್ಲಿಸಿದ. ತಗಡಿನಲ್ಲಿದ್ದವನೂ ಬಾಯಿ ಮುಚ್ಚಿದ.

"ಸರಿಯಾಗಿ ನೋಡೀರಿ," ಎಂದರು ಗಂಗಾಧರಪ್ಪ.

ಭಾಗ್ಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಜಂಬಣ್ಣ ಸೋಲುವ ಜಾತಿಯವನಲ್ಲ. ಸ್ವಲ್ಪ ಹೊತ್ತು ಬಿಟ್ಟು, ಈ ವರ್ಷ ಹೊಳೆಯಲ್ಲಿ ನೀರಿದೆ, ಎರಡೂ ಕಡೆಯವರು ನೀರಿನ ಮಂದಿ, ಮದುವೆಯ ದಿಬ್ಬಣವನ್ನು ಹರಿಗೋಲಿನ ಮೇಲೆಯೇ ಹೊರಡಿಸಿದರೆ ಹೇಗೆ ಎಂದು ಸಲಹೆ ಕೊಟ್ಟ.

"ಬ್ಯಾಡ!" ಎಂದು ಇಬ್ಬರೂ ಒಂದೇ ಉಸಿರಿಗೆ ಕೂಗಿದರು.

ಎಲ್ಲರೂ ಬೆಚ್ಚಿಬಿದ್ದರು. ಗಂಗಾಧರಪ್ಪ ಮೀಸೆ ನೀವಿಕೊಂಡು, "ಸಮುದ್ರ ಕಂಡವರು ಹೊಳಿಗೆ ಇಳಿದ್ರ ಸಮುದ್ರಕ್ಕ ಅವಮಾನ," ಎಂದರು. "ಅದಕ್ಕೇ ನಾನು ನಮ್ಮೂರಾಗ ಹೊಳಿ ಕಡೆ ಇವತ್ತಿನ ತನಕ ಹಾದಿಲ್ಲ."

ಜಂಬಣ್ಣ ಕೊನೆಗೂ ಮಿರ್ಚಿ ನುಂಗಿದ. ಅದೇ ಸಮಯವೆಂದು ಭಾಗ್ಯಮ್ಮ, "ಹುಡುಗ ಹುಡುಗಿ ಒಂದೀಟು ಮಾತಾಡಲಿ," ಎಂದು ಇಬ್ಬರನ್ನೂ ಮಾಳಿಗೆಗೆ ಕಳಿಸಿದರು.

ಮಾಳಿಗೆಯ ಮೇಲೆ ಸಂಡಿಗೆ ಒಣಗಿಸಿದ್ದರು. ಅದರ ಆಚೆ ಒಬ್ಬರು, ಈಚೆ ಒಬ್ಬರು ನಿಂತರು. ಅರ್ಚನಾ ಉಸಿರು ಬಿಗಿಹಿಡಿದು ಒಂದೇ ಸಲಕ್ಕೆ ಹೇಳಿಬಿಟ್ಟಳು.

"ನಿಮಗ ಸುಳ್ಳು ಹೇಳಿ ಮದುವಿ ಆಗೋದು ನನಗ ಬ್ಯಾಡ್ರಿ. ನಮ್ಮ ಮನಿಯಾಗ ಯಾರೂ ಹಡಗು ಹತ್ತಿಲ್ಲ. ನಮ್ಮಪ್ಪನ ತಾತಗ ಅಣ್ಣನೇ ಇದ್ದಿಲ್ಲ, ಅವರೇ ಹಿರೇಮಗ. ಆ ತಗಡು ಹುಬ್ಬಳ್ಳಿದು. ಶತ್ರುಗಳನ್ನ ನಮ್ಮಜ್ಜಿ ಹುಣಸಿಹಣ್ಣು ಹಚ್ಚಿ ತಿಕ್ಯಾಳ."

ಪ್ರವೀಣಕುಮಾರ್ ಬಗ್ಗಿ ಒಂದು ಸಂಡಿಗೆ ತೆಗೆದು ಬಾಯಿಗೆ ಹಾಕಿಕೊಂಡ.

"ನಮ್ಮ ದೊಡ್ಡಪ್ಪ ನೌಕಾಪಡೆಯಾಗ ಇದ್ದದ್ದು ನಿಜ," ಎಂದ. "ಹಡಗಿನಾಗಲ್ಲ, ದಂಡಿ ಮ್ಯಾಲೆ. ಅಡುಗಿಮನಿಯಾಗ. ಸಾರು ಬಹಳ ಚಲೋ ಮಾಡ್ತಾರ. ಹಡಗು ಹತ್ತಂದ್ರ ಜ್ವರ ಬರ್ತಿತ್ತಂತ. ನಿಮ್ಮಪ್ಪ ಏನರ ಕೇಳಿದ್ರ ಹೆಂಗ ಅಂತ ಹೆದರಿ, ಮೊನ್ನೆ ಕದ್ದು ಹರಿಗೋಲು ಹತ್ತಿ ಬಂದು ಹಾಸಿಗಿ ಹಿಡಿದಿದ್ರು. ಯಾರೋ ಪುಣ್ಯಾತ್ಮ ಮೀಸಿ ಹಿಡದು ಬದುಕಿಸಿದ ಅಂತಿದ್ರು."

ಅರ್ಚನಾ ಸಂಡಿಗೆ ದಾಟಿ ಹತ್ತಿರ ಬಂದಳು. ಆಮೇಲೆ, "ಕೈಯಾಗ ಮಲ್ಲಿಗಿ ಹೂವು ಇದ್ದವಂತೇನ್ರಿ ಆ ಪುಣ್ಯಾತ್ಮಗ?" ಎಂದಳು.

ಕೆಳಗೆ ಪಡಸಾಲೆಯಲ್ಲಿ ಕೂತವರಿಗೆ ಮೊದಲು ಒಂದು ನಗು ಕೇಳಿತು. ಆಮೇಲೆ ಎರಡು. ಆಮೇಲೆ ನಗು ನಿಲ್ಲಲೇ ಇಲ್ಲ. ಪಾಲಾಕ್ಷಪ್ಪ ಗಂಗಾಧರಪ್ಪನವರನ್ನು ನೋಡಿದ. ಗಂಗಾಧರಪ್ಪ ಪಾಲಾಕ್ಷಪ್ಪನನ್ನು ನೋಡಿದರು. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾದಾಗ ಇಬ್ಬರೂ ಎದ್ದು ನಿಂತರು.

ಪ್ರವೀಣಕುಮಾರ್ ಕಣ್ಣೊರೆಸಿಕೊಳ್ಳುತ್ತ ಇಳಿದು ಬಂದ. ಅವನ ಹಿಂದೆ ಅರ್ಚನಾ.

"ಏನಪ್ಪಾ," ಎಂದರು ಗಂಗಾಧರಪ್ಪ. ದನಿ ಬಹಳ ದೂರದಿಂದ ಬಂತು. "ಏನ್ ಮಾತಾಡಿದ್ರಿ?"

"ಯುದ್ಧದ ಮಾತು, ದೊಡ್ಡಪ್ಪ."

"ಯಾವ ಯುದ್ಧ?" ಎಂದು ಪಾಲಾಕ್ಷಪ್ಪ ಕೇಳಿದ. ಕೇಳಬಾರದಿತ್ತು ಎಂದು ಕೇಳಿದ ಮೇಲೆ ಅನ್ನಿಸಿತು.

"ನೀವಿಬ್ಬರೂ ಮಾಡಿದ್ರಲ್ಲ, ಅದೇ."

ಜಂಬಣ್ಣ ಕುರ್ಚಿಯ ತುದಿಗೆ ಬಂದ. ಭಾಗ್ಯಮ್ಮ ಮಗನ ಮುಖ ನೋಡಿದರು. ಗಂಗಾಧರಪ್ಪ ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದರು.

"ಹೆಂಗ... ಮುಗೀತು?"

ಪ್ರವೀಣಕುಮಾರ್ ಅರ್ಚನಾಳ ಕಡೆ ನೋಡಿದ. ಅವಳು ತಲೆಯಾಡಿಸಿದಳು.

"ಎರಡೂ ಕಡೆಯವರು ಶರಣಾದ್ರು ದೊಡ್ಡಪ್ಪ. ಇನ್ನ ಮದುವಿ ದಿನ ಗೊತ್ತು ಮಾಡ್ರಿ."

ಆ ಮಾತಿಗೇ ಕಾದಿದ್ದವಳಂತೆ ಕಲ್ಯಾಣಮ್ಮ ಒಳಗಿನಿಂದ ಸಕ್ಕರೆಯ ಬಟ್ಟಲು ಹಿಡಿದು ಬಂದಳು. ಇಬ್ಬರು ಬೀಗರೂ ಬಾಯಿ ತೆರೆದುಕೊಂಡೇ ನಿಂತಿದ್ದರು. ಅವಳಿಗೆ ಹೆಚ್ಚು ಶ್ರಮವಾಗಲಿಲ್ಲ. ಆ ಬಾಯಿಗೊಂದು ಹಿಡಿ, ಈ ಬಾಯಿಗೊಂದು ಹಿಡಿ ಸಕ್ಕರೆ ತುಂಬಿದಳು.